ಒಂದು ತೊಳೆಯಷ್ಟು ಹೊತ್ತು

ಸ್ಟೀರಿಂಗ್ ತಾನಾಗಿ ತಿರುಗಿತು, ಎಡಕ್ಕೆ ಒಂಚೂರು, ಮತ್ತೆ ನೆಟ್ಟಗೆ, ಅವನ ಎರಡೂ ಕೈ ಮಾತ್ರ ತೊಡೆಯ ಮೇಲೆ, ಗ್ರೂಪ್ ಫೋಟೋಗೆ ಕೂತ ಹಿರಿಯರ ಕೈಗಳ ಹಾಗೆ — ಮೂವತ್ತೊಂದು ವರ್ಷ ಟ್ಯಾಕ್ಸಿ ಓಡಿಸಿದ ಕೈಗಳು, ಈಗ ಓಡಿಸದೆ ಕೂರುವುದೇ ಕೆಲಸ, ಗಾಡಿ ತಾನೇ ಓಡುತ್ತದೆ, ಅದು ಎಡವಟ್ಟು ಮಾಡಿದರಷ್ಟೇ ಇವನು ಬ್ರೇಕ್ ಒತ್ತಬೇಕು, ಒತ್ತಿದರೆ ಸಂಜೆ ಯಾಕೆ ಒತ್ತಿದೆ ಅಂತ ಫಾರಂ ತುಂಬಬೇಕು, ಹೆಸರಿಗೆ ಚಾಲಕ ಇವನು, ಚಾಲಾಕಿಯೆಲ್ಲ ಗಾಡಿಯದು. ಬೆಳಿಗ್ಗೆ ಇಂಜಿನಿಯರ್ ಹುಡುಗಿ ಕಿಟಕಿಗೆ ಬಗ್ಗಿ, ಅಂಕಲ್, ಇವತ್ತೊಂದಿನ ಬ್ರೇಕ್ ಮುಟ್ಟದೆ ಮುಗಿಸಿಬಿಟ್ರೆ ಟೆಸ್ಟ್ ಪಾಸು, ನಾಳೆಯಿಂದ ಇದು ಒಂದೇ ಹೋಗುತ್ತೆ ಅಂದಳು, ನಾನೆಲ್ಲಿಗೆ ಹೋಗ್ಲಮ್ಮಾ ಅಂತ ಕೇಳಬೇಕಿತ್ತು, ಓ, ತುಂಬಾ ಸಂತೋಷ ಅಂದುಬಿಟ್ಟ, ನಾಲಿಗೆಗೂ ಯಾರೋ ಸಾಫ್ಟ್‌ವೇರ್ ಹಾಕಿರಬೇಕು. ರೂಮಿಗೆ ಹೋದರೆ ಮಾತಾಡುವುದು ಫ್ರಿಜ್ ಒಂದೇ, ಅದೂ ಗೊರಗೊರ, ಈ ಗಾಡಿಯಲ್ಲಾದರೆ ಒಂದು ಹೆಣ್ಣುದನಿ ದಿನವೂ ಬೆಲ್ಟ್ ಹಾಕಿಕೊಳ್ಳಿ ಅನ್ನುತ್ತದೆ, ಇವನು ಆಯ್ತಮ್ಮಾ ಅನ್ನುತ್ತಾನೆ. ಒಂದೇ ಸಲ ಬ್ರೇಕ್ ಒತ್ತಿದರೆ ಟೆಸ್ಟ್ ಮೂರು ತಿಂಗಳು ಮುಂದಕ್ಕೆ, ನಾಯಿ ಅಡ್ಡ ಬಂತು ಅಂತ ಬರೆದರೆ ಎಂಟು ಕ್ಯಾಮೆರಾ ಸೇರಿ ಎಲ್ಲಿ ಸ್ವಾಮಿ ನಾಯಿ ಅಂತ ಕೇಳುತ್ತವೆ, ಭಯವಾಯಿತು ಅಂತ ಬರೆದರಾಯಿತು, ಭಯಕ್ಕೆ ಸಾಕ್ಷಿ ಬೇಡ — ಕಾಲು ಮೆಲ್ಲಗೆ ಬ್ರೇಕಿನ ಮೇಲೆ ಬಂತು. ಇದೇನು ಮಹಾ, ಮನುಷ್ಯನಿಗಿಂತ ಇದೇ ಸೇಫ್ ಅಂತೆ, ಆಕಳಿಸಲ್ಲ, ಕುಡಿಯಲ್ಲ, ಮುಂದಿನ ಗಾಡಿಯವನ ವಂಶಾವಳಿ ಎತ್ತಿ ಬೈಯಲ್ಲ, ಪಕ್ಕಕ್ಕೆ ತಿರುಗಿ ನೋಡಲ್ಲ — ಪಕ್ಕಕ್ಕೆ — ರೀ, ಬಾಯಿ ತೆಗೀರಿ, ಅವತ್ತು ಟ್ಯಾಕ್ಸಿಯಲ್ಲಿ ಅವಳ ಬೆರಳ ತುದಿಯಲ್ಲಿ ಕಿತ್ತಳೆಯ ತೊಳೆ, ನಾರು ಬಿಡಿಸಿ ಬೀಜ ತೆಗೆದದ್ದು, ಹೆಂಡತಿ ಅಂದಮೇಲೆ ತಿರುಗದೆ ಇರುವುದುಂಟೇ, ತಿರುಗಿದ, ಎದುರಿಗೆ ಕೆಟ್ಟು ನಿಂತ ಲಾರಿಯ ಹಿಂಭಾಗ. ಮೂವತ್ತೊಂದು ವರ್ಷಕ್ಕೆ ಒಂದೇ ಅಪಘಾತ, ಅದೂ ಅವಳಿದ್ದ ಕಡೆಗೆ. ಎಷ್ಟೊತ್ತು ರಸ್ತೆ ಬಿಟ್ಟು ನೋಡ್ದೆಯಪ್ಪಾ ಅಂತ ಪೊಲೀಸಿನವನು ಕೇಳಿದ, ಒಂದು ತೊಳೆಯಷ್ಟು ಹೊತ್ತು ಅನ್ನಲೇ, ಗೊತ್ತಿಲ್ಲ ಸಾರ್ ಅಂದ.

ಗಾಡಿ ಗಕ್ಕನೆ ನಿಂತಿತು, ಬೆಲ್ಟು ಎದೆಗೆ ಒತ್ತಿತು, ನಿಂತ ವ್ಯಾನಿನ ಮರೆಯಿಂದ ಒಬ್ಬಳು ಮಗುವಿನ ತಳ್ಳುಗಾಡಿ ಸಮೇತ ರಸ್ತೆಗೆ ಬಂದಿದ್ದಾಳೆ, ಇವನು ಒತ್ತಲಿಲ್ಲ, ನೋಡಲೇ ಇಲ್ಲ, ಕಣ್ಣು ಪಕ್ಕದ ಖಾಲಿ ಸೀಟಿನ ಮೇಲಿತ್ತು, ನೋಡಿದ್ದು ಅದು, ನಿಲ್ಲಿಸಿದ್ದು ಅದು, ತಳ್ಳುಗಾಡಿಯವಳು ಕೈಯೆತ್ತಿ ಥ್ಯಾಂಕ್ಸ್ ಹೇಳಿದ್ದು ಮಾತ್ರ ಇವನಿಗೆ, ಇವನೂ ಕೈಯೆತ್ತಿದ, ಕಳ್ಳನ ಹಾಗೆ. ಅವತ್ತು ಇದು ಓಡಿಸಿದ್ದರೆ ಇದು ತಿರುಗುತ್ತಿರಲಿಲ್ಲ, ಇವನು ತಿರುಗಬಹುದಿತ್ತು, ಅವಳನ್ನೇ ನೋಡಿಕೊಂಡು ಕೂರಬಹುದಿತ್ತು, ಇಡೀ ಹಣ್ಣು ಮುಗಿಯುವವರೆಗೂ. ಬ್ರೇಕಿನ ಮೇಲಿಂದ ಕಾಲು ತೆಗೆದ, ಹೋಗು ಮಾರಾಯ, ನೀನೇ ಹೋಗು, ಗಾಡಿ ಹೊರಟಿತು, ಬೀದಿ ಹಿಂದಕ್ಕೆ ಸರಿಯುತ್ತಿದೆ, ಅವನು ಪಕ್ಕಕ್ಕೆ ತಿರುಗಿ ಕೂತಿದ್ದಾನೆ, ಪೂರ್ತಿ ತಿರುಗಿ, ಬಾಯಿ ತೆಗೀರಿ, ತೆರೆದಿದೆ, ಬೆರಳ ತುದಿಯಲ್ಲಿ ತೊಳೆ, ಬೀಜ ತೆಗೆದದ್ದು, ತೊಳೆ —