ಹುಣಸೆಹಣ್ಣಿನಲ್ಲಿ ತೊಳೆದ ಬಿಲ್ಲೆ

ಆಯುಧಪೂಜೆಯ ಬೆಳಿಗ್ಗೆ ನಮ್ಮತ್ತೆ ಮನೆಯಲ್ಲಿದ್ದ ಲೋಹವನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿದರು. ಚಾಕು, ಸ್ಪ್ಯಾನರ್, ನನ್ನ ಗಂಡ ಗಿರೀಶನ ಕಾರಿನ ಕೀ, ಜೊತೆಗೆ ಪಕ್ಕದ ಮನೆಯ ಗ್ರೇಟಾ ನನ್ನನ್ನು ನಂಬಿ ಕೊಟ್ಟಿದ್ದ ಹಳೆಯ ಜರ್ಮನ್ ಸೈನ್ಯದ ಬಿಲ್ಲೆ.

“ಎಷ್ಟು ಕಪ್ಪು ಹಿಡಿದಿತ್ತಮ್ಮ ಅಂಬುಜಾ! ಅಕ್ಕಸಾಲಿಗರ ಮಗಳಾಗಿ ಬೆಳ್ಳೀನ ಹಿಂಗಾ ಇಟ್ಕೊಳ್ಳೋದು?” ಎಂದು ಅದಕ್ಕೆ ಕುಂಕುಮವಿಟ್ಟು ನನ್ನ ಮುಂದೆ ಹಿಡಿದರು.

ಬಿಲ್ಲೆ ಕೂಡಿಸುವವರಿಗೆ ಆ ಕಪ್ಪೇ ಪ್ರಾಣ, ತೊಳೆದದ್ದನ್ನು ಅವರು ಮುಟ್ಟುವುದೂ ಇಲ್ಲ. ನೂರು ವರ್ಷದಿಂದ ಕೂತಿದ್ದ ಕಪ್ಪು ಐದೇ ನಿಮಿಷದಲ್ಲಿ ಸಿಂಕಿನಲ್ಲಿ ಹರಿದು ಹೋಗಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ನಾವಿರುವ ಅಮೆರಿಕನ್ ಊರಾದ ಪ್ಲೇನ್‌ಫೀಲ್ಡಿನ ಉಳಿದ ಕನ್ನಡದ ಹೆಂಗಸರು ಸೀರೆ ಕೂಡಿಸಿದರೆ ನಾನು ಜರ್ಮನ್ ಬಿಲ್ಲೆ ಕೂಡಿಸುತ್ತೇನೆ. “ಹಿಟ್ಲರಂದಾ?” ಎಂದು ಮೂಗು ಮುರಿಯುವವರಿಗೆ ಹೇಳಿ ಹೇಳಿ ಸಾಕಾಗಿದೆ. ನನ್ನವೆಲ್ಲ ಅವನಿಗಿಂತ ಮುಂಚಿನವು, ಮೊದಲ ಮಹಾಯುದ್ಧದವು. ನನಗೆ ಬೇಕಾದದ್ದು ಅದನ್ನು ಮಾಡಿದವನ ಕೈಕೆಲಸ.

ಗ್ರೇಟಾ ಕೊಟ್ಟದ್ದು 1918ರದು, ಗಾಯಗೊಂಡ ಸೈನಿಕರಿಗೆ ಕೊಡುತ್ತಿದ್ದ ಬೆಳ್ಳಿ ಬಿಲ್ಲೆ. ನಡುವೆ ಉಕ್ಕಿನ ಟೋಪಿ, ಅದರ ಹಿಂದೆ ಅಡ್ಡಕತ್ತಿಗಳು, ಸುತ್ತ ಎಲೆಗಳ ಹಾರ. ಟೋಪಿಗೂ ಹಾರಕ್ಕೂ ನಡುವಿನ ಜಾಗವನ್ನು ಕತ್ತರಿಸಿ ತೆಗೆದಿದ್ದರು. ಹೋದ ತಿಂಗಳು ಎಂಬತ್ತೊಂದು ವರ್ಷದ ಆಕೆ ಅದನ್ನು ನೇಪರ್‌ವಿಲ್ಲಿನ ನಮ್ಮ ಬಿಲ್ಲೆ ಕೂಡಿಸುವವರ ಕ್ಲಬ್ಬಿನ ಪ್ರದರ್ಶನಕ್ಕೆ ತಂದಿದ್ದರು, ಅದನ್ನು ಪಡೆದಿದ್ದ ತನ್ನ ಅಪ್ಪನ ಹೆಸರಿನ ಚೀಟಿಯೊಂದಿಗೆ. ಕ್ಲಬ್ಬಿನ ಯಜಮಾನ ಬ್ರಾಂಟ್ ತಿರುಗಿಸಿ ನೋಡಿ, “ನಕಲಿ. ಅಂಚು ಎಷ್ಟು ಒರಟು ನೋಡಿ. ಎಪ್ಪತ್ತರ ದಶಕದ್ದು,” ಎಂದುಬಿಟ್ಟ.

“ನಮ್ಮಪ್ಪ ಸತ್ತದ್ದೇ ಐವತ್ತೊಂದರಲ್ಲಿ,” ಎಂದರು ಗ್ರೇಟಾ.

“ಹಾಗಾದ್ರೆ ನಿಮ್ಮ ನೆನಪು ಕೈಕೊಟ್ಟಿದೆ,” ಎಂದು ನಕ್ಕ. ಸಭಾಂಗಣದಲ್ಲಿದ್ದವರೂ ನಕ್ಕರು. ಒಂದೇ ಮಾತಿನಲ್ಲಿ ಅಪ್ಪನೂ ಸುಳ್ಳ, ಮಗಳೂ ಸುಳ್ಳಿ. ಮರುದಿನ ಗ್ರೇಟಾ ಬಿಲ್ಲೆಯನ್ನು ನನ್ನ ಕೈಗಿಟ್ಟು, “ನೀನು ನೋಡಿ ಹೇಳು. ನಕಲಿ ಅಂದ್ರೆ ನಾನೇ ಬಿಸಾಕ್ತೀನಿ,” ಎಂದರು.

ಅತ್ತೆ ತೊಳೆದದ್ದನ್ನು ಭೂತಗನ್ನಡಿಯ ಕೆಳಗಿಟ್ಟೆ. ಕಪ್ಪಿನಡಿ ಇಷ್ಟು ದಿನ ಕಾಣದಿದ್ದದ್ದು ಈಗ ಕಂಡಿತು. ಕತ್ತರಿಸಿದ ಅಂಚಿನುದ್ದಕ್ಕೂ ಗರಗಸದ ಹಲ್ಲಿನ ಗೀರುಗಳು, ಪ್ರತಿ ಕಿಂಡಿಯಲ್ಲೂ ಒಂದೊಂದು ಪುಟ್ಟ ಮೆಟ್ಟಿಲು. ನಾಗಮಂಗಲದಲ್ಲಿ ನಮ್ಮಪ್ಪ ಓಲೆ ಮಾಡುವಾಗ ನೂರು ಸಲ ನೋಡಿದ್ದೇನೆ. ಮೊದಲು ಸಣ್ಣ ತೂತು ಕೊರೆದು, ಕೂದಲೆಳೆಯಂಥ ಗರಗಸವನ್ನು ಅದರೊಳಗೆ ತೂರಿಸಿ, ಕೊಯ್ಯುತ್ತಾ ಸುತ್ತಿಬರಬೇಕು. ಹೊರಟ ಜಾಗಕ್ಕೆ ಬಂದು ಸೇರುವಾಗ ಎಂಥ ಪಳಗಿದ ಕೈಯಾದರೂ ಕೂದಲಷ್ಟು ತಪ್ಪಿ ಆ ಮೆಟ್ಟಿಲು ಉಳಿಯುತ್ತದೆ. ಅಚ್ಚಿಗೆ ಎರೆದ ನಕಲಿಯಲ್ಲಿ ಈ ಗೀರು ಇರುವುದಿಲ್ಲ, ಅಂಚು ಸವೆದ ಸೋಪಿನ ಹಾಗಿರುತ್ತದೆ. ಬ್ರಾಂಟ್ ಒರಟು ಎಂದದ್ದು ಒಬ್ಬ ಕೆಲಸಗಾರನ ಕೈಯನ್ನು. ಕ್ಲಬ್ಬಿಗೆ ಹೋಗಿ ಅವನಿಗೇ ಇದನ್ನು ತೋರಿಸುತ್ತೇನೆ ಎಂದೆ.

“ಊರ ಉಸಾಬರಿ ನಮಗ್ಯಾಕೆ? ತೊಳೆದಿದೀವಿ ಅಂತ ಗೊತ್ತಾದ್ರೆ ನಿನ್ನನ್ನೇ ಕ್ಲಬ್ಬಿಂದ ಓಡಿಸ್ತಾರೆ,” ಎಂದ ಗಿರೀಶ.

“ಓಡಿಸ್ಲಿ.”

ಮೊದಲು ಗ್ರೇಟಾ ಬಳಿ ಹೋಗಿ ತಪ್ಪೊಪ್ಪಿಕೊಂಡೆ. ಆಕೆ ಹೊಳೆಯುವ ಬಿಲ್ಲೆಯನ್ನು ಬೆಳಕಿಗೆ ಹಿಡಿದರು. “ತೊಳೆದ್ರೆ ಅಪ್ಪನ ಗಾಯ ಹೋಗುತ್ತಾ?” ಎಂದು ಕೋಟು ಹಾಕಿಕೊಂಡರು.

ಕ್ಲಬ್ಬಿನಲ್ಲಿ ಬ್ರಾಂಟ್ ಬಿಲ್ಲೆಯನ್ನು ನೋಡಿದವನೇ ಹುಬ್ಬುಗಂಟಿಕ್ಕಿದ. “ಯಾರು ಇದನ್ನ ತೊಳೆದದ್ದು?”

“ನಮ್ಮತ್ತೆ. ಅವರಿಗೆ ಗೊತ್ತಿರಲಿಲ್ಲ. ಬಿಲ್ಲೇನ ಅವರ ಕೈಗೆ ಸಿಗೋ ಹಾಗೆ ಇಟ್ಟ ತಪ್ಪು ನಂದು. ನಿಮ್ಮ ತಪ್ಪಿನ ವಿಷಯ ಈಗ ಮಾತಾಡೋಣ.” ಎಲ್ಲರೂ ತಿರುಗಿದರು. ಭೂತಗನ್ನಡಿಯನ್ನು ಅವನ ಮುಂದಿಟ್ಟೆ. “ಈ ಗೀರು ನೋಡಿ. ಈ ಮೆಟ್ಟಿಲು ನೋಡಿ. ಕೈಯಲ್ಲಿ ಕೊಯ್ದದ್ದು. ಈಗ ನೀವು ಅಸಲಿ ಅಂತ ಗಾಜಿನೊಳಗಿಟ್ಟಿರೋ ನಿಮ್ಮ ಇಂಥದೇ ಬಿಲ್ಲೇನೂ ತೆಗೀರಿ, ಅದರ ಅಂಚನ್ನೂ ನೋಡೋಣ.”

ಅವನು ತನ್ನದನ್ನು ತೆಗೆಯಲಿಲ್ಲ. ಗ್ರೇಟಾರದನ್ನೇ ಮೂರು ಸಲ ತಿರುಗಿಸಿ ನೋಡಿ, ಭೂತಗನ್ನಡಿ ಕೆಳಗಿಟ್ಟು ಗೊಣಗಿದ. “ಅಸಲಿ ಅಂತ ಕಾಣುತ್ತೆ. ಆದ್ರೆ ತೊಳೆದದ್ದನ್ನ ನಮ್ಮ ಮೇಜಿನ ಮೇಲೆ ಇಡೋದಿಲ್ಲ.”

“ಮೇಜು ನೀವೇ ಇಟ್ಕೊಳ್ಳಿ,” ಎಂದರು ಗ್ರೇಟಾ. “ಅಸಲಿ ಅಂದ್ರಲ್ಲ, ಅದೊಂದನ್ನ ಜೋರಾಗಿ ಹೇಳಿ. ನಕಲಿ ಅಂದದ್ದು ಕೊನೇ ಸಾಲಿನವರಿಗೂ ಕೇಳಿಸಿತ್ತು.”

ಬ್ರಾಂಟ್ ನನ್ನನ್ನು ನೋಡಿದ. ನಾನು ಕಣ್ಣು ಕೀಳಲಿಲ್ಲ. ಅವನು ಎಲ್ಲರ ಕಡೆ ತಿರುಗಿ, “ಈ ಬಿಲ್ಲೆ ಅಸಲಿ,” ಎಂದು ಜೋರಾಗಿ ಹೇಳಿದ.

“ಅಪ್ಪನ ಹೆಸರು ಓಟ್ಟೋ ಫಿಂಕ್,” ಎಂದರು ಗ್ರೇಟಾ. “ಹೆಸರು ಸೇರಿಸಿ ಹೇಳಿ.”