ಸಂಜೆ ಐದೂವರೆಯ ನಿದ್ದೆ

ನನ್ನ ಎಡ ಮೊಣಕಾಲು ಎರಡನೇ ಸಲ ಹೊರಳಿದಾಗ ಶಿರೋಲಿ ಮೈದಾನದ ಕುಸ್ತಿಗೆ ಹನ್ನೆರಡು ದಿನ ಉಳಿದಿತ್ತು. ಆ ತಿಂಗಳು ನಮ್ಮ ಗರಡಿಯಲ್ಲಿ, ಅಂದರೆ ತಾಲೀಮಿನಲ್ಲಿ, ಖಂಡೂನ ಭುಜ ಜಾರಿತ್ತು, ದಿನಕರನ ಪಕ್ಕೆಲುಬು ಬಿರಿದಿತ್ತು. ಕೊಲ್ಹಾಪುರದಲ್ಲಿ ಇಷ್ಟು ಮಂದಿ ಮುರಿದು ಬಿದ್ದ ತಾಲೀಮು ಇನ್ನೊಂದಿರಲಿಲ್ಲ. ನಮ್ಮ ಗುರು, ವಸ್ತಾದ್ ಹಿಂದೂರಾವ್ ಚೌಗಲೆ ಅವರ ಪ್ರಕಾರ ಇದಕ್ಕೆಲ್ಲ ಕಾರಣ, ಯಾರೋ ಹೊರಗೆ ಹೋಗಿ ಚಹಾ ಕುಡಿದದ್ದು.

ಡಾಕ್ಟರ್ ಮೇಡಂ ಮೊಣಕಾಲು ಒತ್ತಿ ನೋಡಿ ಕೇಳಿದರು: "ಎಷ್ಟಕ್ಕ ಮಲಗತಿ?"

"ಹನ್ನೊಂದಕ್ಕರಿ. ದೊಡ್ಡ ಪೈಲ್ವಾನರ ಕೈಕಾಲು ತಿಕ್ಕಬೇಕು, ಬದಾಮಿ ಅರೀಬೇಕು."

"ಏಳೂದು?"

"ಮೂರೂವರೆಗೆ."

"ನಾಕೂವರೆ ತಾಸು! ವಯಸ್ಸೆಷ್ಟು ನಿಂದು, ಹದಿನೆಂಟು? ನಿದ್ದಿಗೆಟ್ಟ ಮೈ ಹೊರಳಾಕ ಒಂದ ನೆವ ಸಾಕು. ಇದಕ್ಕ ಗುಳಿಗಿ ಇಲ್ಲ ತಮ್ಮಾ, ಹಾಸಿಗಿ ಐತಿ. ಒಂಬತ್ತು ತಾಸು ಮಲಗು. ಮೂರನೇ ಸಲ ಹೊರಳಿತೋ, ಕುಸ್ತಿ ಮರತಬಿಡು."

ಕುಸ್ತಿ ಮರೆತರೆ ನನಗೆ ಉಳಿಯುವುದು ಸೋದರಮಾವನ ಇಟ್ಟಿಗೆ ಭಟ್ಟಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನಿಗೂ ಆ ಲೆಕ್ಕ ಅರ್ಥವಾಗುತ್ತದೆ.

ವಸ್ತಾದ್ ಕೇಳಿ ಕ್ಯಾಕರಿಸಿದರು. "ನಿದ್ದಿ ಅನ್ನೂದು ಗಾದಿ ಮ್ಯಾಲ ಕುಂತ ಸೇಠಜಿಗೆ. ನಾ ನಲವತ್ತು ವರ್ಷ ಮೂರು ತಾಸು ಮಕ್ಕೊಂಡು ಬದಕೀನಿ."

ಆಗ ಖಂಡೂ ಮೆಲ್ಲಗೆ ಹೇಳಿದ: "ಹಿಂದಿನ ಗಲ್ಲಿ ತಾಲೀಮಿನ್ಯಾಗ ಆ ಮೇಡಂ ಹೇಳಿದ್ದಕ್ಕ ಎಲ್ಲಾರೂ ಒಂಬತ್ತು ತಾಸು ಮಲಗಾಕತ್ತಾರಂತ್ರಿ. ಒಬ್ಬಂದೂ ಬೆರಳು ಸೈತ ಉಳುಕಿಲ್ಲಂತ."

ವಸ್ತಾದರ ಮೀಸೆ ನಿಮಿರಿತು. "ಅವರು ಒಂಬತ್ತೇನು? ನಮ್ಮವರು ಹತ್ತು!"

ಆದರೆ ಮೂರೂವರೆಗೆ ಏಳುವುದನ್ನು ಮಾತ್ರ ಬಿಡುವ ಹಾಗಿರಲಿಲ್ಲ. ಅವರ ಗುರುವಿನ ಗುರು ನಮ್ಮ ತಾಲೀಮಿನ ಮಾರುತಿ ಮೂರ್ತಿಯ ಮುಂದೆ ಎದ್ದು ನಿಲ್ಲುತ್ತಿದ್ದ ಹೊತ್ತು ಅದು. ಹಾಗಾಗಿ ನಾವು ಸಂಜೆ ಐದೂವರೆಗೆ ಮಲಗಬೇಕಾಯಿತು.

ಕಿಟಕಿಯಿಂದ ಬಿಸಿಲು ನೇರ ಮುಖಕ್ಕೆ. ಹೊರಗೆ ಭೇಳಪುರಿ ಗಾಡಿಯವನ ಗಂಟೆ. ಹದಿನೈದು ಮಂದಿ ಚಾಪೆಯ ಮೇಲೆ ಹೆಣದಂತೆ ಸಾಲಾಗಿ ಬಿದ್ದಿದ್ದೆವು. ವಸ್ತಾದ್ ಬೆತ್ತ ಹಿಡಿದು ನಡುವೆ ನಿಂತು, ದಂಡ ಬೈಠಕ್ ಎಣಿಸುವ ದನಿಯಲ್ಲೇ ಕೂಗಿದರು: "ನಿದ್ದಿ ಹತ್ತಿದವರು ಕೈ ಎತ್ತರಿ!"

ಹದಿನಾಲ್ಕು ಕೈ ಎದ್ದವು. ದಿನಕರನಂತೂ ಬಿರಿದ ಪಕ್ಕೆಲುಬಿನ ಕಡೆಯ ಕೈಯನ್ನೇ ಎತ್ತಿದ.

"ಏನಲೇ ಜೋತ್ಯಾ, ನಿಂಗ್ಯಾಕ ಹತ್ತಿಲ್ಲ?"

"ಮುಖದ ಮ್ಯಾಲ ಬಿಸಲು ಬಿದ್ದೈತ್ರಿ ವಸ್ತಾದ್."

"ಸೂರ್ಯಾ ಏನ್ ನಿಮ್ಮಪ್ಪನ ಮನಿ ಆಳೇನಲೇ? ಏಳು, ನೂರು ಬೈಠಕ್ ಹೊಡಿ. ದಣದರ ನಿದ್ದಿ ಬರ್ತೈತಿ."

ಆ ಮೊಣಕಾಲಿನಲ್ಲಿ ನೂರು ಬೈಠಕ್. ಅರವತ್ತಕ್ಕೆ ಕಣ್ಣಲ್ಲಿ ನೀರು ಬಂತು, ಎಂಬತ್ತಕ್ಕೆ ವಸ್ತಾದರ ವಂಶವನ್ನೆಲ್ಲ ಮನಸ್ಸಿನಲ್ಲೇ ಜಾಲಾಡಿದೆ. ಮರುದಿನ ಎಲ್ಲರಿಗಿಂತ ಮೊದಲು ಎದ್ದದ್ದು ನನ್ನ ಕೈ.

ಅಷ್ಟಕ್ಕೇ ಮುಗಿಯಲಿಲ್ಲ. ವಸ್ತಾದ್ ಅರ್ಧ ತಾಸಿಗೊಮ್ಮೆ ಬಂದು, ಒಬ್ಬೊಬ್ಬರ ರೆಪ್ಪೆ ಎತ್ತಿ ಬ್ಯಾಟರಿ ಬಿಟ್ಟು ನೋಡುತ್ತಿದ್ದರು. ಬಡಪಾಯಿ ಯಾರಿಗಾದರೂ ನಿಜವಾಗಿ ನಿದ್ದೆ ಹತ್ತಿದ್ದರೆ ಅಲ್ಲಿಗೆ ಅದು ಮುಗಿಯಿತು. ಮೊದಲು ನಾಲ್ಕೂವರೆ ತಾಸಾದರೂ ಇತ್ತು, ಈಗ ಅದೂ ಇಲ್ಲ. ಐದನೇ ದಿನ ನನಗೆ ತಡೆಯಲಾಗಲಿಲ್ಲ.

"ವಸ್ತಾದ್, ನೀವ ಎಬ್ಬಸಾಕತ್ತೀರಿ!"

"ನಾ ನೋಡಾಕ ಬರ್ತೀನಿ, ಎಬ್ಬಸಾಕಲ್ಲ. ನಿನ್ನ ನಿದ್ದಿ ಸಡ್ಲ ಐತಿ ಮಗನ. ಬಿಗಿ ಹಿಡಿ."

"ಮತ್ತ ನೀವು ಯಾವಾಗ ಮಲಗತೀರಿ?"

"ನಾ ಮಕ್ಕೊಂಡ್ರ ನಿಮ್ಮ ನಿದ್ದಿ ಕಾಯೋರು ಯಾರಲೇ?"

ಏಳನೇ ದಿನ ಬೆಳಿಗ್ಗೆ ಕೆಂಪು ಮಣ್ಣಿನ ಅಖಾಡದಲ್ಲಿ ವಸ್ತಾದ್ ಧೋಬಿ ಪಟ್ಟು ಹೇಳಿಕೊಡುತ್ತಿದ್ದರು. ಖಂಡೂನ ನೆಟ್ಟಗಿದ್ದ ಕೈ ಎಳೆದು, ಬಟ್ಟೆ ಒಗೆಯುವವನ ಹಾಗೆ ಅವನನ್ನು ಬೆನ್ನ ಮೇಲೆ ಹೊತ್ತುಕೊಂಡರು. ಹೊತ್ತವರು ಒಗೆಯಲಿಲ್ಲ. ಹಾಗೇ ನಿಂತರು. ಇದೇನೋ ಹೊಸ ಹಿಡಿತ ಇರಬೇಕೆಂದು ನಾವೆಲ್ಲ ಭಕ್ತಿಯಿಂದ ನೋಡುತ್ತಿದ್ದೆವು. ಮೇಲಿನಿಂದ ಖಂಡೂ ಪಿಸುಗುಟ್ಟಿದ: "ಲೇ, ವಸ್ತಾದ್ ಗೊರಕಿ ಹೊಡ್ಯಾಕತ್ತಾರ!"

ಮರುಗಳಿಗೆ ಇಬ್ಬರೂ ಮಣ್ಣಿನಲ್ಲಿದ್ದರು. ಖಂಡೂಗೆ ಏನೂ ಆಗಲಿಲ್ಲ. ವಸ್ತಾದರ ಪಾದ ಮಾತ್ರ ಬೇರೆ ದಿಕ್ಕಿಗೆ ನೋಡುತ್ತಿತ್ತು.

ಮೇಡಂ ಪ್ಲಾಸ್ಟರ್ ಸುತ್ತುತ್ತ ಕೇಳಿದರು: "ಎಷ್ಟಕ್ಕ ಮಲಗತೀರಿ ಅಜ್ಜಾ?"

ವಸ್ತಾದ್ ಬಾಯಿ ತೆರೆಯುವ ಮೊದಲೇ ನಾನೇ ಹೇಳಿದೆ: "ಮಲಗೂದಿಲ್ರಿ. ನಮ್ಮ ನಿದ್ದಿ ಕಾಯ್ತಾರ."

ಆ ಮೇಡಂ ಹೊರಗೆ ಹೋಗಿ ನಕ್ಕು ಬಂದದ್ದು ನಮಗೆಲ್ಲ ಕೇಳಿಸಿತು. ಐದು ದಿನ ಮಗಳ ಮನೆಯಲ್ಲಿ ಮಂಚ ಬಿಟ್ಟು ಇಳಿಯಕೂಡದೆಂದು ಅಪ್ಪಣೆಯಾಯಿತು. ರಿಕ್ಷಾ ಹತ್ತುವಾಗ ವಸ್ತಾದ್ ಬೆತ್ತವನ್ನು ನನ್ನ ಕೈಗಿಟ್ಟರು. "ಜೋತ್ಯಾ, ಮೂರೂವರೆ. ಮಾರುತಿ ಮ್ಯಾಲ ಆಣಿ."

ನಾನು ಹೂಂ ಅನ್ನಲಿಲ್ಲ. ಕುಸ್ತಿಗೆ ಐದೇ ದಿನ. ಬೆತ್ತವನ್ನು ಮಾರುತಿಯ ಹಿಂದೆ ಇಟ್ಟು, "ನೀನ ಕಾಯಿ" ಎಂದೆ. ಆ ರಾತ್ರಿ ದೊಡ್ಡ ಪೈಲ್ವಾನ ಬಾಜಿ ದಾದಾ ಕಾಲು ಚಾಚಿ ಎಣ್ಣೆಯ ಬಟ್ಟಲು ನನ್ನ ಕಡೆ ತಳ್ಳಿದ.

"ತಿಕ್ಕಲೇ."

"ದಾದಾ, ದೇವರು ನಿಮಗೂ ಎರಡು ಕೈ ಕೊಟ್ಟಾನ. ನಾ ಮಲಗಾವ."

"ಭಾಳ ಬೆಳದಿ!"

"ಬೆಳೀಬೇಕಂದ್ರ ಮಲಗಬೇಕಂತ. ಮೇಡಂ ಹೇಳ್ಯಾರ."

ಬಾಜಿ ದಾದಾ ಹೊಡೆಯಲು ಎದ್ದ. ಹದಿನಾಲ್ಕು ಮಂದಿ ಆಗಲೇ ಗೊರಕೆ ಹೊಡೆಯುತ್ತಿದ್ದುದನ್ನು ನೋಡಿದ. ಒಂದು ಆಕಳಿಕೆ ಬಂತು ಅವನಿಗೆ, ಅಲ್ಲೇ ಉರುಳಿಕೊಂಡ. ಒಂಬತ್ತೂವರೆಗೆ ಮಲಗಿದವರು ಎದ್ದದ್ದು ಬೆಳಗಿನ ಆರೂವರೆಗೆ. ನಾಲ್ಕನೇ ದಿನಕ್ಕೆ ನನ್ನ ಮೊಣಕಾಲು ಮೆಟ್ಟಿಲು ಹತ್ತುವಾಗ ಸದ್ದು ಮಾಡುವುದನ್ನು ಬಿಟ್ಟಿತು.

ಶಿರೋಲಿಯಲ್ಲಿ ವಸ್ತಾದರನ್ನು ಮಗಳು ಕುರ್ಚಿಯ ಮೇಲೆ ಕೂರಿಸಿ ಹೋದಳು. ನನ್ನ ಎದುರಾಳಿ ಸರ್ಜೇರಾವ್ ಎಲ್ಲಾ ವಿಚಾರಿಸಿಕೊಂಡೇ ಬಂದಿದ್ದ. ಕೈ ಕೂಡಿಸಿದ ಗಳಿಗೆಯಿಂದ ನನ್ನ ಎಡಗಾಲಿಗೇ ಬೀಳುತ್ತಿದ್ದ. ಒಮ್ಮೆ ಪೂರಾ ಸಿಕ್ಕಿತು, ತಿರುವಿದ. ಇಟ್ಟಿಗೆ ಭಟ್ಟಿಯ ಹೊಗೆ ಮೂಗಿಗೆ ಬಡಿದಂತಾಯಿತು. ಮೊಣಕಾಲು ಗಡಗಡ ನಡುಗಿತು, ಆದರೆ ಹೊರಳಲಿಲ್ಲ. ಅವನು ಇನ್ನೊಮ್ಮೆ ತಿರುವಲು ಬಾಗಿದಾಗ ಕೈ ಸಿಕ್ಕಿತು. ಎಳೆದು ಬೆನ್ನ ಮೇಲೆ ಹಾಕಿಕೊಂಡೆ, ಮತ್ತು ನಾನು ಒಗೆದೆ.

ಹಲಗೆ ಬಾರಿಸಿದರು, ಪೇಟ ಸುತ್ತಿದರು, ಮಂದಿ ಹೊತ್ತು ಕುಣಿದರು. ವಸ್ತಾದರ ಮುಂದೆ ಇಳಿದಾಗ ನನ್ನ ಬಾಯಲ್ಲಿ ಅವರಿಗಾಗಿ ಕೂಡಿಟ್ಟ ಹನ್ನೆರಡು ದಿನದ ಬೈಗುಳ ಸಾಲಾಗಿ ನಿಂತಿತ್ತು. ಅವರು ಅಷ್ಟು ಗದ್ದಲದಲ್ಲೂ ಎದೆಗೆ ಗದ್ದ ಊರಿ ಮಲಗಿದ್ದರು. ಕಾಲು ಮುಟ್ಟಿದೆ. ಒಂದು ಕಣ್ಣು ತೆರೆಯಿತು.

"ಎಷ್ಟಕ್ಕ ಎಬ್ಬಿಸಿದಿ?"

"ಆರೂವರೆಗೆ. ಐದೂ ದಿನ."

ಕೈ ಬೆತ್ತ ಹುಡುಕಿತು. ಇರಲಿಲ್ಲ. ಕಣ್ಣು ಮೆಲ್ಲಗೆ ಕೆಳಗಿಳಿದು ನನ್ನ ಮೊಣಕಾಲಿನ ಮೇಲೆ ನಿಂತಿತು.

"ನೋವು ಐತೇನು?"

"ಇಲ್ರಿ."

"ಹಂಗಾರ ಗದ್ದಲಾ ಯಾಕ ಮಾಡಾಕತ್ತೀರಿ?" ಎಂದು ಮತ್ತೆ ಕಣ್ಣು ಮುಚ್ಚಿದರು.

"ವಸ್ತಾದ್, ನಿದ್ದಿ ಹತ್ತಿತೇನ್ರಿ?" ಎಂದು ಖಂಡೂ ಹಿಂದಿನಿಂದ ಕೇಳಿದ.

ವಸ್ತಾದ್ ಕಣ್ಣು ತೆರೆಯದೆ ಒಂದು ಕೈ ಎತ್ತಿದರು.