ಭಾವನ ಈಜುಕೊಳ

ಕರೀ ಸೂಟಿನ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಬೂಟು ಕಳಚಿಟ್ಟು, ಸ್ಟಾಮಟಿಸ್ ಏಣಿ ಹಿಡಿದು ಖಾಲಿ ಈಜುಕೊಳಕ್ಕೆ ಇಳಿದ. ಭಾವ ಪಂಡೆಲಿಸನನ್ನು ಮಣ್ಣು ಮಾಡಿ ಬಂದು ಇನ್ನೂ ಒಂದು ಗಂಟೆಯಾಗಿರಲಿಲ್ಲ. ಮೇಲೆ ಹಿತ್ತಲಿನಲ್ಲಿ ಜನ ಹುರಿದ ಮೀನು ತಿಂದು, ಬ್ರಾಂಡಿ ಹೀರುತ್ತ, “ನೀವು ಬದುಕಿ, ಅವನನ್ನ ನೆನೀತಿರಿ” ಎಂದು ವಾಡಿಕೆಯಂತೆ ಮನೆಯವರಿಗೆ ಹೇಳುತ್ತಿದ್ದರು.

“ತಗೋ.” ಅಕ್ಕ ದೊಕಿಯಾ ಮೇಲಿನಿಂದ ಒಂದು ನಾಣ್ಯ ಎಸೆದಳು. “ತಟ್ಟಿ ನೋಡು. ಮೂವತ್ತು ವರ್ಷ ಟೈಲ್ಸ್ ಹಚ್ಚಿದೋನು ನೀನು. ಟೊಳ್ಳು ಯಾವುದು, ಗಟ್ಟಿ ಯಾವುದು ನಿನಗೆ ಗೊತ್ತಾಗಲ್ವಾ?”

“ಇವತ್ತೇ ಆಗ್ಬೇಕಾ ಅಕ್ಕಾ?”

“ಇವತ್ತೇ. ಒಂದು ಟೊಳ್ಳಿದ್ರೂ ನೀರು ಒಳಗೆ ಹೊಕ್ಕು ಇಡೀ ಗೋಡೆ ಕಳಚುತ್ತೆ, ಮಣ್ಣು ತುಂಬಿ ಮುಚ್ಚಿಬಿಡಿ ಅಂತ ಪ್ರತಿ ಈಸ್ಟರ್‌ಗೂ ಹೇಳ್ದೋನು ನೀನೇ ತಾನೆ? ಸೋಮವಾರಕ್ಕೆ ಮಣ್ಣಿನ ಲಾರಿಗೆ ಹೇಳಿದ್ದೀನಿ. ಟೊಳ್ಳಿದ್ರೆ ಬರ್ಲಿ. ಇಲ್ಲದಿದ್ರೆ ನೀರು ಬಿಡ್ತೀನಿ.”

ಪಂಡೆಲಿಸನ ಜೊತೆ ಅಡಿಲೇಡ್ ತುಂಬ ಬಸ್ಸು ಓಡಿಸಿದ್ದ ಮುದುಕ ಬಾಂಬಿಸ್ ಕೊಳದ ಅಂಚಿಗೆ ಕುರ್ಚಿ ಎಳೆದುಕೊಂಡ. “ನಿನ್ನ ಭಾವ ಒಂಬತ್ತು ವರ್ಷ ಕೂತು ಹಚ್ಚಿದ ಮೂರು ಸಾವಿರ ಟೈಲ್ಸು ಕಣಯ್ಯಾ. ಅವನ ಸಾವಿನ ನಲವತ್ತನೇ ದಿನದ ಪ್ರಾರ್ಥನೆ ಹೊತ್ತಿಗಾದ್ರೂ ಮುಗಿಸು.”

ಸ್ಟಾಮಟಿಸ್ ಮೊದಲ ಸಾಲು ತಟ್ಟಿದ. ಟಕ್. ಟಕ್. ಟಕ್.

*

ಒಂಬತ್ತು ವರ್ಷದ ಹಿಂದೆ, ಈಸ್ಟರ್ ಭಾನುವಾರ. ಪಂಡೆಲಿಸ್ ಇದೇ ಕೊಳದಲ್ಲಿ ಮಂಡಿಯೂರಿ ಕೂತು ಅಂಗೈಯಗಲದ ಒಂದು ನೀಲಿ ಟೈಲಿನ ಬೆನ್ನಿಗೆ ಬೆಣ್ಣೆ ಸವರುವ ಹಾಗೆ ಗಾರೆ ಸವರಿ, ಗೋಡೆಗೆ ಒತ್ತಿದ. ಒತ್ತಿದ್ದನ್ನು ಮತ್ತೆ ಕಿತ್ತು, ಕನ್ನಡಕ ಮೇಲೇರಿಸಿ ಬೆನ್ನು ನೋಡಿದ. ಒಂದು ಮೂಲೆಗೆ ಗಾರೆ ಹತ್ತಿರಲಿಲ್ಲ. ಎಲ್ಲವನ್ನೂ ಕೆರೆದು ಮೊದಲಿನಿಂದ ಶುರುಮಾಡಿದ.

“ಅಯ್ಯೋ ದೇವ್ರೇ! ಹಚ್ಚಿದ್ದನ್ನ ಕಿತ್ತು ನೋಡೋನು ಈ ಭೂಮಿ ಮೇಲೆ ನೀನೊಬ್ನೇ ಭಾವಾ,” ಎಂದು ಸ್ಟಾಮಟಿಸ್ ಹೊಟ್ಟೆ ಹಿಡಿದುಕೊಂಡು ನಕ್ಕ. “ವಾರಕ್ಕೆ ಏಳು ಟೈಲ್ಸಂತೆ! ಕಾಫಿ ಆರೋದ್ರೊಳಗೆ ನಾನು ಏಳು ಹಚ್ತೀನಿ. ಕೊಡಿಲ್ಲಿ ಕರಣೆ.”

ಐದು ಕಡೆ ಐದು ಮುದ್ದೆ ಗಾರೆ, ಅಂಗೈಯಿಂದ ಒಂದೇ ಗುದ್ದು. ಬಾಯಲ್ಲಿದ್ದ ಸಿಗರೇಟಿನ ಬೂದಿ ಕೂಡ ಉದುರಲಿಲ್ಲ. ಟೈಲ್ ಕೊಳದ ಆಳದ ಮೂಲೆಯಲ್ಲಿ ನೆಟ್ಟಗೆ ಕೂತಿತ್ತು.

“ಕೈ ಅಂದ್ರೆ ಇದು ಕಣಯ್ಯಾ,” ಎಂದ ಪಂಡೆಲಿಸ್. ಆ ಮಾತಿನಲ್ಲಿ ಕೊಂಕಿರಲಿಲ್ಲ.

*

ಎರಡು ಗಂಟೆ ಕಳೆಯಿತು. ಸ್ಟಾಮಟಿಸನ ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು, ಕನ್ನಡಕ ಬೆವರಿಗೆ ಜಾರುತ್ತಿತ್ತು. ಮೊದಲು ಅವನು ಟೊಳ್ಳು ಹುಡುಕುತ್ತಿದ್ದ. ಸಿಕ್ಕೇ ಸಿಗುತ್ತದೆ ಎಂಬ ಹಮ್ಮಿತ್ತು. ಆಮೇಲಾಮೇಲೆ ಸಿಗದಿರಲಪ್ಪಾ ಎಂದು ಬೇಡಿಕೊಳ್ಳತೊಡಗಿದ. ಟೈಲ್ಸ್ ನಡುವಿನ ಸಂದಿಗೆ ಉಗುರಿಟ್ಟು ಕೊಳದ ಈ ತುದಿಯಿಂದ ಆ ತುದಿಯವರೆಗೆ ಎಳೆದುಕೊಂಡು ಹೋದ. ಎಲ್ಲೂ ಉಗುರು ತಡೆಯಲಿಲ್ಲ. ಇಷ್ಟುದ್ದ ಸಂದಿಯನ್ನು ಬಸ್ಸಿನ ಸ್ಟಿಯರಿಂಗ್ ಹಿಡಿದ ಕೈ ತುಂಬಿ, ಒದ್ದೆ ಸ್ಪಂಜಿನಿಂದ ಒರೆಸಿ ಇಷ್ಟು ನಯ ಮಾಡಿದೆ. ದೊಡ್ಡ ದೊಡ್ಡ ಹೋಟೆಲುಗಳ ಕೊಳ ಕಟ್ಟಿದ ತನ್ನಿಂದ ಇಂಥದ್ದೊಂದು ಗೋಡೆ ಆಗಿಲ್ಲವಲ್ಲ ಎನ್ನಿಸಿ ಅವನಿಗೆ ಮೈ ಜುಮ್ಮೆಂದಿತು.

ಕೊನೆಗೆ ಆಳದ ಮೂಲೆ. ಟಕ್. ಟಕ್. ಡಬ್.

ಇನ್ನೊಮ್ಮೆ ತಟ್ಟಿದ. ಡಬ್.

“ಏನಯ್ಯಾ, ಸಿಕ್ತಾ?” ಬಾಂಬಿಸ್ ಬಗ್ಗಿದ. ಕಾಫಿ ಕಪ್ಪು ಹಿಡಿದ ಹೆಂಗಸರು ಇತ್ತ ತಿರುಗಿದರು.

ಇಲ್ಲ ಎಂದುಬಿಟ್ಟರೆ ಯಾರಿಗೆ ತಿಳಿಯುತ್ತಿತ್ತು? ಭಾವನ ಕೊಳವೂ ಉಳಿಯುತ್ತಿತ್ತು, ತನ್ನ ಮರ್ಯಾದೆಯೂ ಉಳಿಯುತ್ತಿತ್ತು. ಸ್ಟಾಮಟಿಸ್ ತಲೆಯೆತ್ತಿ ಅಕ್ಕನನ್ನು ನೋಡಿದ.

“ಒಂದಿದೆ ಅಕ್ಕಾ. ಭಾವ ಹಚ್ಚಿದ್ದಲ್ಲ. ನಾನು ಹಚ್ಚಿದ್ದು.”

ದೊಕಿಯಾ ಅಂಚಿನಲ್ಲೇ ಕುಸಿದು ಕೂತಳು. ಬೆಳಗಿನಿಂದ ತಡೆದಿಟ್ಟ ಅಳು ಈಗ ಬಂತು. “ಗೊತ್ತು ಕಣೋ. ಅವರಿಗೂ ಗೊತ್ತಿತ್ತು. ಪ್ರತಿ ಭಾನುವಾರ ಎಲ್ಲಾ ತಟ್ಟಿ ನೋಡೋರು, ಅದೊಂದನ್ನ ಬಿಟ್ಟು. ಕಿತ್ತು ಬೇರೆ ಹಾಕಿ ಅಂದೆ. ‘ಅವನು ಹಚ್ಚಿದ್ದನ್ನ ಅವನೇ ಕೀಳ್ಬೇಕು, ನಾನು ಕಿತ್ರೆ ಅವನಿಗೆ ಅವಮಾನ’ ಅಂದ್ರು. ಹೋದ ತಿಂಗಳು ನಿನಗೆ ಫೋನ್ ಮಾಡಿ, ಕೆಲಸ ಮುಗೀತು, ಒಂದ್ಸಲ ಬಂದು ಹೋಗು ಅಂದಿದ್ರಲ್ಲ, ಇದಕ್ಕೇ.”

ಬಿಡುವಿಲ್ಲ ಎಂದಿದ್ದ ಸ್ಟಾಮಟಿಸ್. ಆ ಹೊತ್ತು ಟಿವಿಯಲ್ಲಿ ಫುಟ್‌ಬಾಲ್ ನೋಡುತ್ತಿದ್ದ.

“ಒಂದೂ ಇಲ್ಲ ಅಂದಿದ್ರೆ ನಿನ್ನ ಮಾತು ನಾನು ನಂಬ್ತಿರ್ಲಿಲ್ಲ,” ಎಂದಳು ಅಕ್ಕ ಮೂಗು ಒರೆಸಿಕೊಳ್ಳುತ್ತ. “ಈಗ ಹೇಳು. ಮಿಕ್ಕಿದ್ದು?”

“ಮಿಕ್ಕಿದ್ದು...” ಅವನು ಗೋಡೆಯ ಮೇಲೆ ಅಂಗೈ ಇಟ್ಟ. “ಬಂಡೆ ಕಣಕ್ಕಾ. ಬಂಡೆ.”

ಬಾಂಬಿಸ್ ಎದ್ದು ಶೆಡ್ಡಿನಿಂದ ಉಳಿ, ಕರಣೆ, ಉಳಿದಿದ್ದ ಗಾರೆಪುಡಿ, ಬಕೆಟ್ಟು ತಂದುಕೊಟ್ಟ. ಸುತ್ತಲ ಸಂದಿ ಕೆರೆದು ಉಳಿ ತಾಗಿಸಿದ್ದೇ ತಡ, ಒಂಬತ್ತು ವರ್ಷದ ಟೈಲ್ ಹಲ್ಲು ಬಿದ್ದ ಹಾಗೆ ಅವನ ಕೈಗೆ ಬಂತು. ಬೆನ್ನಲ್ಲಿ ಐದು ಮುದ್ದೆ, ನಡುವೆ ಏನೂ ಇಲ್ಲ.

ಸ್ಟಾಮಟಿಸ್ ಅದನ್ನು ಚೊಕ್ಕಟವಾಗಿ ಕೆರೆದ. ಗಾರೆ ಕಲಸಿ ಅಂಚಿನಿಂದ ಅಂಚಿಗೆ ಸವರಿದ. ಸೂಟಿನಲ್ಲೇ ಮಂಡಿಯೂರಿ, ಎರಡೂ ಕೈಯಿಂದ ಗೋಡೆಗೆ ಒತ್ತಿದ. ಮೇಲೆ ಜನ ಒಬ್ಬೊಬ್ಬರಾಗಿ ಕೊಳದ ಸುತ್ತ ಬಂದು ನಿಂತಿದ್ದರು.

ಆಮೇಲೆ ಒತ್ತಿದ ಟೈಲನ್ನು ಮೆಲ್ಲಗೆ ಕಿತ್ತು, ಕನ್ನಡಕ ಮೇಲೇರಿಸಿ, ಅದರ ಬೆನ್ನು ನೋಡಿದ.